ಫ್ಲೋರೈಡ್ ಪ್ರಾಜೆಕ್ಟ್: ಹಲ್ಲಿನ ಮೇಲೆ ಕಾಣುವುದು ಹತ್ತು ವರ್ಷ ಹಿಂದಿನ ನೀರು

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಎಂದ ಕೂಡಲೇ ನೆನಪಾಗುವ ವಿಷಯಗಳಲ್ಲಿ ಫ್ಲೋರೈಡ್ ಒಂದು. ಬೋರು ಊರಲ್ಲೇ ಇದೆ, ಕಲೆ ಬಿದ್ದ ಹಲ್ಲು ಶಾಲೆಯಲ್ಲೇ ಕಾಣುತ್ತವೆ, ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಹೀಗಾಗಿ ಐದು ಬೋರಿನ ನೀರು ತಂದು, ಐದು ಶಾಲೆಯ ಮಕ್ಕಳ ಬಾಯಿ ನೋಡಿ, ಎರಡು ಗ್ರಾಫ್ ಪಕ್ಕಪಕ್ಕ ಇಟ್ಟರೆ ಪ್ರಾಜೆಕ್ಟ್ ಮುಗಿಯಿತು ಎನ್ನುವ ಲೆಕ್ಕಾಚಾರ. ಈ ಲೆಕ್ಕ ತಪ್ಪುವುದು ಲ್ಯಾಬಿನಲ್ಲಲ್ಲ, ಅದಕ್ಕಿಂತ ಬಹಳ ಮೊದಲು.

ಹಲ್ಲಿನ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬೀಳುವ ಕಲೆ, ಆಗುವುದು ಹಲ್ಲು ಇನ್ನೂ ವಸಡಿನೊಳಗೆ ಇದ್ದು ಅದರ ಗಟ್ಟಿ ಹೊರಪದರವಾದ ಎನಾಮೆಲ್ ಕಟ್ಟಿಕೊಳ್ಳುತ್ತಿರುವಾಗ. ಹಲ್ಲು ಹೊರಬಂದು ನಿಂತ ಮೇಲೆ ಎಷ್ಟೇ ಫ್ಲೋರೈಡ್ ನೀರು ಕುಡಿದರೂ ಆ ಹಲ್ಲಿಗೆ ಹೊಸದಾಗಿ ಫ್ಲೋರೋಸಿಸ್ ಬರುವುದಿಲ್ಲ. ಮೇಲಿನ ಸಾಲಿನ ಮುಂದಿನ ಶಾಶ್ವತ ಹಲ್ಲುಗಳಿಗೆ ಹುಟ್ಟಿದ ಮೊದಲ ಮೂರು ವರ್ಷ ಬಹಳ ಮುಖ್ಯ. ಕೊನೆಯ ದವಡೆ ಹಲ್ಲೊಂದನ್ನು ಬಿಟ್ಟರೆ ಉಳಿದವುಗಳ ಎನಾಮೆಲ್ ಸುಮಾರು ಎಂಟು ವರ್ಷದ ಹೊತ್ತಿಗೆ ಕಟ್ಟಿ ಮುಗಿದಿರುತ್ತದೆ. ಅಂದರೆ 2024ರಲ್ಲಿ ಹನ್ನೆರಡು ತುಂಬಿದ ಹುಡುಗಿಯ ಮುಂದಿನ ಹಲ್ಲು ಹೇಳುವುದು 2012ರಿಂದ 2015ರವರೆಗಿನ ನೀರಿನ ಸುದ್ದಿ. ನೀವು ಬಾಟಲಿಯಲ್ಲಿ ಹಿಡಿದದ್ದು ಇವತ್ತಿನ ನೀರು. ಈ ನಡುವೆ ಹಳೆಯ ಬೋರು ಬತ್ತಿರಬಹುದು, ಪಕ್ಕದಲ್ಲೇ ಇನ್ನೂ ಆಳಕ್ಕೆ ಹೊಸದು ಕೊರೆಸಿರಬಹುದು, ಆರ್‌ಓ ಘಟಕ ಬಂದಿರಬಹುದು, ಕೃಷ್ಣಾ ನದಿಯಿಂದ ಬಹುಗ್ರಾಮ ಯೋಜನೆಯ ಪೈಪು ಊರು ಮುಟ್ಟಿರಬಹುದು. ಆಗ ನಳದ ನೀರಿನಲ್ಲಿ ಲೀಟರಿಗೆ 0.4 ಮಿ.ಗ್ರಾಂ ಫ್ಲೋರೈಡ್ ಮಾತ್ರ ಸಿಕ್ಕು, ತರಗತಿಯ ಅರ್ಧ ಮಕ್ಕಳ ಹಲ್ಲಿನಲ್ಲಿ ಕಲೆ ಕಂಡು, ಫ್ಲೋರೈಡಿಗೂ ಕಲೆಗೂ ಸಂಬಂಧವಿಲ್ಲ ಎಂಬ ತೀರ್ಮಾನ ವರದಿಗೆ ಸೇರಿಬಿಡುತ್ತದೆ. ಅಂಕಿ ಸರಿಯಾಗಿದ್ದೂ ಮಾತು ಸುಳ್ಳಾಗುವುದು ಹೀಗೆ.

ಆದ್ದರಿಂದ ಮೊದಲ ವಾರ ಬಾಟಲಿ ಮುಟ್ಟಬೇಡಿ. ಊರಿನ ನೀರಿನ ಚರಿತ್ರೆ ಬರೆಯಿರಿ. ಇದಕ್ಕೆ ಪಂಚಾಯಿತಿಯ ವಾಟರ್‌ಮನ್‌ಗಿಂತ ದೊಡ್ಡ ಮೂಲ ಇಲ್ಲ. ಯಾವ ಬೋರು ಯಾವ ವರ್ಷ ಕೊರೆದದ್ದು, ಎಷ್ಟು ಫೂಟು, ಮೋಟರು ಯಾವಾಗ ಸುಟ್ಟಿತು, ಬೇಸಿಗೆಯಲ್ಲಿ ಯಾವ ಬೋರಿನಿಂದ ಯಾವ ಓಣಿಗೆ ನೀರು ತಿರುಗಿಸುತ್ತಾರೆ, ಎಲ್ಲ ಅವರ ಬಾಯಲ್ಲೇ ಇರುತ್ತದೆ. ಪಿಡಿಒ ಕಚೇರಿಯ ಕಡತದಲ್ಲಿ ವರ್ಷ ಸಿಗಬಹುದು, ಓಣಿ ಸಿಗುವುದು ಕಷ್ಟ. ಓಣಿ ಮುಖ್ಯ, ಏಕೆಂದರೆ ಒಂದೇ ಊರಿನ ಎರಡು ಬೋರುಗಳ ಫ್ಲೋರೈಡ್ ಒಂದಕ್ಕೊಂದು ಎರಡು ಪಟ್ಟು, ಮೂರು ಪಟ್ಟು ಬೇರೆ ಇರುವುದು ಅಪರೂಪವಲ್ಲ.

ಆಮೇಲೆ ಮಕ್ಕಳ ತಾಯಂದಿರು. 'ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಕುಡಿಯುವ ನೀರಿನ ಮೂಲ ಯಾವುದು?' ಎಂದು ಫಾರ್ಮಿನ ಭಾಷೆಯಲ್ಲಿ ಕೇಳಿದರೆ 'ನಳದ ನೀರ್ರೀ' ಎಂಬ ಉತ್ತರ ಬರುತ್ತದೆ, ಅಷ್ಟೇ. 'ಅಕ್ಕಾರ, ಈ ಹುಡುಗ ಹೊಟ್ಯಾಗಿದ್ದಾಗ ನೀರು ಎಲ್ಲಿಂದ ತರತಿದ್ರಿ? ಇವ ಅಡ್ಡಾಡೂ ಹೊತ್ತಿಗೆ? ಸಾಲಿಗೆ ಹೋಗೂ ಹೊತ್ತಿಗೆ?' ಎಂದು ಮಗುವಿನ ವಯಸ್ಸನ್ನೇ ಹಿಡಿದು ಕೇಳಿ. ಇಸವಿ ನೆನಪಿಲ್ಲದವರಿಗೆ ನಮ್ಮ ಕಡೆ ಎರಡು ಗಟ್ಟಿ ಗುರುತುಗಳಿವೆ: 2009ರ ಪ್ರವಾಹ, 2019ರ ಪ್ರವಾಹ. 'ಹೊಳಿ ಬಂದಾಗ ಆರ್‌ಓ ಇತ್ತೇನ್ರೀ?' ಎಂದರೆ ಹೌದು, ಇಲ್ಲ ಎಂದು ಖಚಿತವಾಗಿ ಹೇಳುತ್ತಾರೆ. 2020ರ ಲಾಕ್‌ಡೌನ್ ಮೂರನೆಯ ಗುರುತು.

ಇಲ್ಲಿ ಬಿಡಬಾರದ ಎರಡು ಪ್ರಶ್ನೆಗಳಿವೆ. ಒಂದು ತವರುಮನೆ. ಬಾಣಂತನ ಬೇರೆ ಊರಲ್ಲಾಗಿರುತ್ತದೆ. ಆದರೆ ಎದೆಹಾಲಿನಲ್ಲಿ ಫ್ಲೋರೈಡ್ ಬಹಳ ಕಡಿಮೆ, ತಾಯಿ ಕುಡಿಯುವ ನೀರಿನಲ್ಲಿ ಎಷ್ಟಿದ್ದರೂ. ಹಾಗಾಗಿ ಬರೀ ಎದೆಹಾಲು ಕುಡಿದ ತಿಂಗಳುಗಳು ತವರಿನಲ್ಲಿ ಕಳೆದರೆ ದೊಡ್ಡ ತೊಂದರೆಯಿಲ್ಲ. ಬಾಟಲಿ ಹಾಲು ಅಥವಾ ಗಂಜಿ ಶುರುವಾದ ಮೇಲೂ ಮಗು ಅಲ್ಲೇ ಇತ್ತೇ ಎಂಬುದನ್ನು ಬರೆದುಕೊಳ್ಳಬೇಕು. ಇನ್ನೊಂದು ಗುಳೆ. ಕಬ್ಬು ಕಡಿಯಲು, ಗೋವಾ, ಮಹಾರಾಷ್ಟ್ರದ ಕಡೆ ಕೂಲಿಗೆ ಹೋಗುವ ಕುಟುಂಬಗಳ ಸಣ್ಣ ಮಕ್ಕಳು ವರ್ಷದಲ್ಲಿ ಹಲವು ತಿಂಗಳು ಬೇರೆ ನೀರು ಕುಡಿದಿರುತ್ತಾರೆ. ತಾಂಡಾಗಳಲ್ಲಿ ಇದನ್ನು ಕೇಳದೆ ಲೆಕ್ಕ ಹಾಕಿದರೆ ಅರ್ಥವಿಲ್ಲ. ಆಲಮಟ್ಟಿ ಹಿನ್ನೀರಿನಿಂದ ಎದ್ದುಬಂದ ಪುನರ್ವಸತಿ ಕೇಂದ್ರಗಳಲ್ಲೂ ಇದೇ ಮಾತು: ಊರಿನ ಹೆಸರು ಹಳೆಯದೇ, ನೀರು ಬೇರೆ. ಮೊದಲ ಎಂಟು ವರ್ಷ ಒಂದೇ ಊರು, ಒಂದೇ ಮೂಲದ ನೀರು ಎನ್ನುವ ಮಕ್ಕಳನ್ನು ಮುಖ್ಯ ವಿಶ್ಲೇಷಣೆಗೆ ಇಟ್ಟುಕೊಳ್ಳಿ. ಉಳಿದವರನ್ನು ಸದ್ದಿಲ್ಲದೆ ಕೈಬಿಡದೆ, ಎಷ್ಟು ಜನ, ಯಾವ ಕಾರಣಕ್ಕೆ ಎಂದು ಪ್ರತ್ಯೇಕ ಕೋಷ್ಟಕದಲ್ಲಿ ತೋರಿಸಿ.

ಅಡುಗೆಯ ನೀರು ಇನ್ನೊಂದು ಸಂಗತಿ. 'ಆರ್‌ಓ ನೀರು ಕುಡೀತೀವ್ರಿ' ಎನ್ನುವ ಮನೆಯಲ್ಲೂ ಬೇಳೆ ಬೇಯುವುದು, ರೊಟ್ಟಿ ಹಿಟ್ಟು ಕಲಸುವುದು, ಚಹಾ ಕಾಯುವುದು ಬೋರಿನ ನೀರಿನಲ್ಲೇ ಇರಬಹುದು. 20 ಲೀಟರ್ ಕ್ಯಾನು ಹೊತ್ತು ತರುವವರಿಗೆ ಅಡುಗೆಗೂ ಅದನ್ನೇ ಬಳಸು ಎಂದು ಹೇಳುವುದು ಸುಲಭ. ಚಹಾ ಎಲೆಯಲ್ಲಿಯೇ ಫ್ಲೋರೈಡ್ ಇದೆ, ಅದು ಕುದಿಯುವ ನೀರಿಗೆ ಇಳಿಯುತ್ತದೆ. ಕುಡಿಯಲು, ಅಡುಗೆಗೆ, ಚಹಾಕ್ಕೆ ಎಂದು ಮೂರು ಕಾಲಂ ಮಾಡಿ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ಎಷ್ಟು ಮನೆಗಳಲ್ಲಿದೆ ಎನ್ನುವುದೂ ಒಳ್ಳೆಯ ಪ್ರಶ್ನೆ. ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಸಾಂದ್ರತೆ ಏರುತ್ತದೆ. ಕ್ಯಾಂಡಲ್ ಫಿಲ್ಟರು, ಯುವಿ ದೀಪದ ಯಂತ್ರಗಳೂ ಅದನ್ನು ತೆಗೆಯುವುದಿಲ್ಲ.

ಇನ್ನು ಊರುಗಳ ಆಯ್ಕೆ. ಐದೂ ಊರುಗಳಲ್ಲಿ ಫ್ಲೋರೈಡ್ 2 ಮಿ.ಗ್ರಾಂ ಆಸುಪಾಸು ಇದ್ದರೆ ಯಾವ ಸಂಬಂಧವೂ ಕಾಣುವುದಿಲ್ಲ. ಕಡಿಮೆ, ನಡುವೆ, ಹೆಚ್ಚು, ಮೂರೂ ಬಗೆಯ ಊರು ಬೇಕು. ಮೊದಲು ನೀರು ಪರೀಕ್ಷಿಸುವ ಕಿಟ್ ಹಿಡಿದು ಹದಿನೈದು ಇಪ್ಪತ್ತು ಬೋರು ಸ್ಥೂಲವಾಗಿ ನೋಡಿ, ಆಮೇಲೆ ಆರಿಸಿ. ಭೂಮಿಯ ಬಗ್ಗೆ ಸ್ವಲ್ಪ ತಿಳಿದಿದ್ದರೆ ಈ ಹುಡುಕಾಟ ಸಲೀಸು. ಇಳಕಲ್ಲಿನ ಕೆಂಪು ಗ್ರಾನೈಟ್ ಎಲ್ಲರಿಗೂ ಗೊತ್ತು. ಗ್ರಾನೈಟ್, ನೈಸ್ ಕಲ್ಲುಗಳಲ್ಲಿರುವ ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಬರುತ್ತದೆ. ವಿಜಯಪುರದ ಬಹುಭಾಗ ಹಾಗೂ ಬೆಳಗಾವಿಯ ಉತ್ತರ ಭಾಗ ದಖ್ಖನ್ ಬಸಾಲ್ಟ್. ಬಾಗಲಕೋಟೆ, ಬಾದಾಮಿ ಸುತ್ತ ಕಲಾದಗಿ ಪದರುಶಿಲೆ. ನಕ್ಷೆಯಲ್ಲಿ ಬೋರುಗಳನ್ನು ಗುರುತಿಸುವಾಗ ಕಲ್ಲಿನ ಜಾತಿಯನ್ನೂ ಬಣ್ಣದಲ್ಲಿ ತೋರಿಸಿದರೆ ವರದಿಗೆ ತೂಕ ಬರುತ್ತದೆ.

ಸವಳು ನೀರಿಗೆ ಫ್ಲೋರೈಡ್ ಇರುತ್ತದೆ, ಸಿಹಿ ನೀರಿಗೆ ಇರುವುದಿಲ್ಲ ಎಂದು ಜನ ಹೇಳುತ್ತಾರೆ. ಎಷ್ಟೋ ಕಡೆ ಇದು ತಿರುಗುಮುರುಗು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಹಿಡಿದು ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿರುವ, ಸಾಬೂನು ಚೆನ್ನಾಗಿ ನೊರೆ ಬರುವ ಮೆದು ನೀರಿನಲ್ಲೇ ಫ್ಲೋರೈಡ್ ಮೇಲೇರುತ್ತದೆ. ಆದ್ದರಿಂದ ಫ್ಲೋರೈಡ್ ಜೊತೆಗೆ ಪಿಎಚ್, ಒಟ್ಟು ಗಡಸುತನ, ಕ್ಷಾರೀಯತೆ ಮತ್ತು ವಿದ್ಯುತ್ ವಾಹಕತೆ ಅಳೆಯಿರಿ. ಟಿಡಿಎಸ್ ಮೀಟರ್ ತೋರಿಸುವ ಅಂಕಿಯಿಂದ ಫ್ಲೋರೈಡ್ ಊಹಿಸಲು ಹೋಗಬೇಡಿ. ಆ ಪೆನ್ನಿನಂಥ ಮೀಟರು ಲವಣಗಳ ಒಟ್ಟು ಮೊತ್ತವನ್ನು ಅಂದಾಜಿಸುತ್ತದೆ. 300 ತೋರಿಸುವ ನೀರಿನಲ್ಲೂ 2 ಮಿ.ಗ್ರಾಂ ಫ್ಲೋರೈಡ್ ಇರಲು ಅಡ್ಡಿಯಿಲ್ಲ.

ನೀರು ಹಿಡಿಯುವ ಕೆಲಸ ಸರಳ, ಅದಕ್ಕೇ ಉದಾಸೀನ ಹೆಚ್ಚು. ಪಾಲಿಥೀನ್ ಬಾಟಲಿ, 500 ಮಿ.ಲೀ. ಗಾಜು ಬೇಡ. ಮೋಟರ್ ಚಾಲೂ ಮಾಡಿ ಐದರಿಂದ ಹತ್ತು ನಿಮಿಷ ನೀರು ಹರಿಯಬಿಡಿ, ಪೈಪಿನಲ್ಲಿ ನಿಂತ ನೀರು ಹೊರಹೋಗಲಿ. ಕೈಪಂಪಾದರೆ ಅಷ್ಟೇ ಹೊತ್ತು ಹೊಡೆಯಬೇಕು. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಸಿ. ಗುರುತನ್ನು ಮುಚ್ಚಳದ ಮೇಲೆ ಬರೆಯದೆ ಬಾಟಲಿಯ ಮೈಮೇಲೆ ಬರೆಯಿರಿ, ಮುಚ್ಚಳಗಳು ಅದಲುಬದಲಾಗುತ್ತವೆ. ಓವರ್‌ಹೆಡ್ ಟ್ಯಾಂಕಿನ ನಳದಿಂದ ಹಿಡಿದ ನೀರು ಎರಡು ಮೂರು ಬೋರುಗಳ ಮಿಶ್ರಣವಾಗಿರಬಹುದು; ಅದನ್ನು ಬೋರಿನ ಹೆಸರಿನಲ್ಲಿ ಬರೆಯಬೇಡಿ. ಫ್ಲೋರೈಡ್ ಪರೀಕ್ಷೆಗೆ ಯಾವ ರಾಸಾಯನಿಕವನ್ನೂ ಬೆರೆಸಬೇಕಿಲ್ಲ, 28 ದಿನದವರೆಗೆ ಇಡಬಹುದು. ನೈಟ್ರೇಟ್ ಕೂಡ ನೋಡುವುದಿದ್ದರೆ ಬಾಟಲಿ ಐಸ್ ಡಬ್ಬಿಯಲ್ಲಿ ಬರಬೇಕು, 48 ಗಂಟೆಯೊಳಗೆ ಪರೀಕ್ಷೆಯಾಗಬೇಕು. ಸಾಧ್ಯವಿದ್ದರೆ ಅದೇ ಬೋರುಗಳಿಂದ ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಹಿಡಿಯಿರಿ. ಮಳೆ ನೀರು ಇಂಗಿದ ಮೇಲೆ ಅಂಕಿ ಬದಲಾಗುತ್ತದೆ, ಅದು ಎಲ್ಲ ಬೋರಿನಲ್ಲೂ ಒಂದೇ ದಿಕ್ಕಿಗೆ ಹೋಗುವುದಿಲ್ಲ.

ಅಳೆಯಲು ಮೂರು ದಾರಿ. ಜಲ ಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ಬಂದಿರುವ ಕಿಟ್ಟುಗಳಲ್ಲಿ ಹನಿ ಹಾಕಿ ಬಣ್ಣ ಹೋಲಿಸುವುದು ಮೊದಲನೆಯದು. ಫ್ಲೋರೈಡ್ ಏರಿದಂತೆ ಬಣ್ಣ ಗುಲಾಬಿಯಿಂದ ಹಳದಿಗೆ ಜಾರುತ್ತದೆ. ಬಣ್ಣದ ಪಟ್ಟಿಯ ಎರಡು ಮೆಟ್ಟಿಲುಗಳ ನಡುವಿನ ಬೆಲೆಯನ್ನು ಕಣ್ಣಳತೆಯಿಂದ 1.3 ಎಂದು ಬರೆಯುವುದು ವಿಜ್ಞಾನವಲ್ಲ. ಕಿಟ್ಟು ಊರು ಆರಿಸಲು ಸಾಕು, ವರದಿಯ ಅಂಕಿಗೆ ಸಾಲದು.

ಎರಡನೆಯದು ಸ್ಪಾಡ್ನ್ಸ್ ಎಂಬ ಬಣ್ಣ ಬಳಸುವ ವಿಧಾನ. ಪದವಿ ಕಾಲೇಜಿನ ಲ್ಯಾಬಿನಲ್ಲಿ ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೊಫೋಟೊಮೀಟರ್ ಇದ್ದರೆ ಆಗುತ್ತದೆ. ಒಣಗಿಸಿದ ಸೋಡಿಯಂ ಫ್ಲೋರೈಡ್ 221 ಮಿ.ಗ್ರಾಂ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿ.ಗ್ರಾಂ ಫ್ಲೋರೈಡಿನ ಮೂಲ ದ್ರಾವಣ. ಅದರಲ್ಲಿ 100 ಮಿ.ಲೀ ತೆಗೆದು ಒಂದು ಲೀಟರ್ ಮಾಡಿದರೆ 10 ಮಿ.ಗ್ರಾಂನದು. ಇದರ 1 ಮಿ.ಲೀ ಅನ್ನು 50 ಮಿ.ಲೀಗೆ ತುಂಬಿಸಿದರೆ 0.2, 2 ಮಿ.ಲೀ ಆದರೆ 0.4, ಹೀಗೆ 7 ಮಿ.ಲೀಗೆ 1.4. ಪ್ರತಿಯೊಂದಕ್ಕೂ, ಮಾದರಿಗೂ, ಬರೀ ಡಿಸ್ಟಿಲ್ಡ್ ನೀರಿಗೂ 10 ಮಿ.ಲೀ ಆಮ್ಲೀಯ ಜಿರ್ಕೊನೈಲ್ ಸ್ಪಾಡ್ನ್ಸ್ ದ್ರಾವಣ ಪಿಪೆಟ್ಟಿನಿಂದ ನಿಖರವಾಗಿ ಸೇರಿಸಿ, 570 ನ್ಯಾನೊಮೀಟರಿನಲ್ಲಿ ಓದಿ. ಇಲ್ಲಿ ಫ್ಲೋರೈಡ್ ಹೆಚ್ಚಿದಷ್ಟು ಬಣ್ಣ ತಗ್ಗುತ್ತದೆ, ಗ್ರಾಫಿನ ಗೆರೆ ಕೆಳಮುಖ. ಮೇಲ್ಮುಖ ಗೆರೆಗೆ ಒಗ್ಗಿಕೊಂಡವರು ಯಂತ್ರ ಕೆಟ್ಟಿದೆ ಎಂದುಕೊಳ್ಳುವುದುಂಟು.

ಈ ವಿಧಾನ ನಂಬಬಹುದಾದದ್ದು 1.4ರವರೆಗೆ ಮಾತ್ರ. ನಮ್ಮ ಬೋರುಗಳಲ್ಲಿ ಅದನ್ನು ದಾಟುವ ನೀರು ಸಿಕ್ಕೇ ಸಿಗುತ್ತದೆ. ಆಗ 25 ಮಿ.ಲೀ ಮಾದರಿಗೆ 25 ಮಿ.ಲೀ ಡಿಸ್ಟಿಲ್ಡ್ ನೀರು ಸೇರಿಸಿ ಅಳೆದು, ಬಂದ ಅಂಕಿಯನ್ನು ಎರಡರಿಂದ ಗುಣಿಸಬೇಕು. ಗುಣಿಸಲು ಮರೆತ ಸಾಲು ಎಕ್ಸೆಲ್ ಹಾಳೆಯಲ್ಲಿ ಒಳ್ಳೆಯ ನೀರಾಗಿ ಕೂತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಎಷ್ಟು ಪಟ್ಟು ತೆಳುಮಾಡಿದ್ದು ಎಂಬುದಕ್ಕೆ ಬೇರೆಯೇ ಒಂದು ಕಾಲಂ ಇಡಿ. ಸ್ಟ್ಯಾಂಡರ್ಡ್ ದ್ರಾವಣಗಳೂ ಮಾದರಿಗಳೂ ಒಂದೇ ಉಷ್ಣತೆಯಲ್ಲಿರಬೇಕು. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ನೇರವಾಗಿ ಅಳೆಯಬೇಡಿ.

ನದಿ ಮೂಲದ ನಳದ ನೀರಿನಲ್ಲಿ ಎರಡು ಕಿರಿಕಿರಿಗಳಿವೆ, ಎರಡೂ ವಿರುದ್ಧ ದಿಕ್ಕಿನವು. ಶುದ್ಧೀಕರಣಕ್ಕೆ ಆಲಂ ಹಾಕಿದ್ದರೆ ಉಳಿದ ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದಿಟ್ಟು ಅಂಕಿ ಕಡಿಮೆ ತೋರಿಸುತ್ತದೆ. ಕ್ಲೋರಿನ್ ಉಳಿದಿದ್ದರೆ ಬಣ್ಣವನ್ನೇ ಬಿಳುಪಾಗಿಸಿ ಅಂಕಿ ಹೆಚ್ಚು ತೋರಿಸುತ್ತದೆ. ಕ್ಲೋರಿನ್ ತೆಗೆಯಲು ಹಾಕುವ ಸೋಡಿಯಂ ಆರ್ಸೆನೈಟ್ ವಿಷ. ಅದನ್ನು ಮಾರ್ಗದರ್ಶಕರೇ ಮುಟ್ಟಬೇಕು, ಶಾಲಾ ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಈ ಕಾರಣಕ್ಕೆ ಮೂರನೆಯ ದಾರಿಯಾದ ಫ್ಲೋರೈಡ್ ಎಲೆಕ್ಟ್ರೋಡ್ ಸಿಗುವುದಾದರೆ ಅದೇ ಲೇಸು. ಮಾದರಿಗೆ ಸಮ ಪ್ರಮಾಣದ ಟಿಸಾಬ್ ದ್ರಾವಣ ಬೆರೆಸಿ, ಪ್ಲಾಸ್ಟಿಕ್ ಬೀಕರಿನಲ್ಲಿ, ಒಂದೇ ವೇಗದಲ್ಲಿ ತಿರುಗಿಸುತ್ತ ಓದಬೇಕು. ಟಿಸಾಬ್ ಅಲ್ಯೂಮಿನಿಯಂ, ಕಬ್ಬಿಣದ ಹಿಡಿತದಿಂದ ಫ್ಲೋರೈಡನ್ನು ಬಿಡಿಸುತ್ತದೆ, ಪಿಎಚ್ ಅನ್ನು 5ರಿಂದ 5.5ರ ಆಸುಪಾಸಿಗೆ ತರುತ್ತದೆ. 1 ಮತ್ತು 10 ಮಿ.ಗ್ರಾಂ ದ್ರಾವಣಗಳ ಓದಿನ ನಡುವೆ 54ರಿಂದ 60 ಮಿಲಿವೋಲ್ಟ್ ಅಂತರ ಬರದಿದ್ದರೆ ಎಲೆಕ್ಟ್ರೋಡ್ ಮುದಿಯಾಗಿದೆ ಅಥವಾ ದ್ರಾವಣ ತಪ್ಪಾಗಿದೆ, ಮುಂದುವರಿಯಬೇಡಿ. ಯಾವ ವಿಧಾನವೇ ಇರಲಿ, ಪ್ರತಿ ಹತ್ತು ಮಾದರಿಗೆ ಒಂದನ್ನು ಎರಡು ಸಲ ಅಳೆಯಿರಿ, ಮತ್ತು ಕೆಲವು ಬಾಟಲಿಗಳನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಹೋಲಿಸಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲ ಇಲ್ಲದಿದ್ದಾಗ 1.5. ವರದಿಯಲ್ಲಿ ಯಾವ ಮಿತಿ ಹಿಡಿದು 'ಹೆಚ್ಚು' ಎನ್ನುತ್ತಿದ್ದೀರಿ ಎಂದು ಹೇಳಲೇಬೇಕು. ವಿಜಯಪುರದ ಬೇಸಿಗೆಯಲ್ಲಿ ಮಕ್ಕಳು ಕುಡಿಯುವ ನೀರಿನ ಪ್ರಮಾಣ ನೋಡಿದರೆ ನನ್ನ ಮತ 1.0ರ ಕಡೆಗೆ.

ಹಲ್ಲು ನೋಡುವುದು ದಂತ ವಿದ್ಯಾರ್ಥಿಗಳ ಅಥವಾ ದಂತವೈದ್ಯರ ಕೆಲಸ. ಹೈಸ್ಕೂಲು ತಂಡಗಳು ನೀರು ಮತ್ತು ಮನೆ ಸಮೀಕ್ಷೆಗೆ ನಿಲ್ಲುವುದು ಒಳ್ಳೆಯದು. ಫ್ಲೋರೋಸಿಸ್ ಎಷ್ಟು ತೀವ್ರ ಎಂದು ಅಂಕ ಕೊಡುವ ಡೀನ್ ಸೂಚ್ಯಂಕದಲ್ಲಿ ಆರು ಮೆಟ್ಟಿಲು: ಸಹಜ 0, ಸಂಶಯಾಸ್ಪದ 0.5, ಅತಿ ಸೌಮ್ಯ 1, ಸೌಮ್ಯ 2, ಮಧ್ಯಮ 3, ತೀವ್ರ 4. ಬಿಳಿ ಮಬ್ಬು ಹಲ್ಲಿನ ಕಾಲು ಭಾಗದೊಳಗಿದ್ದರೆ 1, ಅರ್ಧದೊಳಗಿದ್ದರೆ 2, ಇಡೀ ಮೇಲ್ಮೈ ಆವರಿಸಿ ಸವೆದಿದ್ದರೆ 3, ಗುಳಿ ಬಿದ್ದಿದ್ದರೆ 4. ಕಂದು ಬಣ್ಣ ನೋಡಿದೊಡನೆ ತೀವ್ರ ಎಂದು ಬರೆಯುವುದು ಸಾಮಾನ್ಯ ತಪ್ಪು. ಗುಳಿ ಇಲ್ಲದೆ 4 ಇಲ್ಲ. ಬಾಯಲ್ಲಿ ಅತಿ ಹೆಚ್ಚು ಕೆಟ್ಟ ಎರಡು ಹಲ್ಲು ನೋಡಿ, ಅವೆರಡರಲ್ಲಿ ವ್ಯತ್ಯಾಸವಿದ್ದರೆ ಕಡಿಮೆ ಕೆಟ್ಟದ್ದರ ಅಂಕ ಕೊಡಬೇಕು.

ಫ್ಲೋರೋಸಿಸ್ ಎಡಬಲ ಜೋಡಿ ಹಲ್ಲುಗಳಲ್ಲಿ ಸಮನಾಗಿ ಬರುತ್ತದೆ, ಅಡ್ಡ ಗೆರೆಗಳಾಗಿ ಹರಡಿರುತ್ತದೆ. ಒಂದೇ ಹಲ್ಲಿನಲ್ಲಿ ದುಂಡನೆಯ ಕಲೆ ಇದ್ದರೆ ಹಾಲುಹಲ್ಲಿಗೆ ಪೆಟ್ಟು ಬಿದ್ದದ್ದೋ ಬೇರೆ ದೋಷವೋ ಇರಬೇಕು. ವಸಡಿನ ಅಂಚಿಗೆ ಅಂಟಿದ ಬಿಳಿ ಚುಕ್ಕೆ ಹುಳುಕಿನ ಆರಂಭ. ಗುಟ್ಕಾ ಕಲೆ, ಹಲ್ಲಿನ ಕಿಟ್ಟ ಕೆರೆದರೆ ಹೋಗುತ್ತವೆ. ಬೆಳಗಿನ ಹೊತ್ತು ಶಾಲೆಯ ಕಟ್ಟೆಯ ಮೇಲೆ, ಸಹಜ ಬೆಳಕಿನಲ್ಲಿ ನೋಡಿ. ಟಾರ್ಚಿನ ಬೆಳಕಿಗೆ ಸೌಮ್ಯ ಗೆರೆಗಳು ಅಳಿಸಿಹೋಗುತ್ತವೆ. ಇಬ್ಬರು ಪರೀಕ್ಷಕರಿದ್ದರೆ ಮೊದಲು ಇಪ್ಪತ್ತು ಮಕ್ಕಳನ್ನು ಇಬ್ಬರೂ ಬೇರೆ ಬೇರೆಯಾಗಿ ನೋಡಿ ಇಬ್ಬರ ಅಂಕಗಳು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕಪ್ಪಾ ಎಂಬ ಅಳತೆಯ ಲೆಕ್ಕ ಹಾಕಬೇಕು. ಬೋರಿನ ಅಂಕಿ ಪರೀಕ್ಷಕರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಸಂಶಯದ ಹಲ್ಲೆಲ್ಲ 1 ಆಗುತ್ತದೆ.

ಎಲ್ಲ ಮಕ್ಕಳ ಡೀನ್ ಅಂಕಗಳ ಸರಾಸರಿಯೇ ಸಮುದಾಯ ಸೂಚ್ಯಂಕ. ಅದರ ಲೆಕ್ಕಕ್ಕೆ ಒಂದು ಕಲ್ಪಿತ ಉದಾಹರಣೆ: ನೂರು ಮಕ್ಕಳಲ್ಲಿ 40 ಸಹಜ, 20 ಸಂಶಯಾಸ್ಪದ, 15 ಅತಿ ಸೌಮ್ಯ, 12 ಸೌಮ್ಯ, 9 ಮಧ್ಯಮ, 4 ತೀವ್ರ ಎಂದಿಟ್ಟುಕೊಳ್ಳಿ. ಪ್ರತಿ ಗುಂಪಿನ ಸಂಖ್ಯೆಯನ್ನು ಅದರ ಅಂಕದಿಂದ ಗುಣಿಸಿ ಬಂದ 0, 10, 15, 24, 27, 16 ಕೂಡಿದರೆ 92. ನೂರರಿಂದ ಭಾಗಿಸಿದರೆ 0.92. 0.6 ದಾಟಿದರೆ ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಡೀನ್ ಲೆಕ್ಕ.

ಎಷ್ಟು ಮಕ್ಕಳು ಬೇಕು? ಸಮಸ್ಯೆಯ ಅಂದಾಜು ಶೇ. 50, ಉತ್ತರ ಶೇ. 10 ಆಚೀಚೆಯಾದರೂ ನಡೆದೀತು ಎಂದರೆ ಸೂತ್ರ 100 ಮಕ್ಕಳು ಎನ್ನುತ್ತದೆ, ಶೇ. 5ಕ್ಕಿಂತ ಆಚೀಚೆಯಾಗಬಾರದು ಎಂದರೆ 400. ಆದರೆ ಈ ಸೂತ್ರ ಪ್ರತಿ ಮಗುವೂ ಬೇರೆ ಎಂದು ನಂಬುತ್ತದೆ. ಒಂದೇ ಬೋರಿನ ನೀರು ಕುಡಿದ ನಲವತ್ತು ಮಕ್ಕಳು ಅಷ್ಟು ಬೇರೆಯಲ್ಲ. ಅದಕ್ಕೆ ಸಂಖ್ಯೆಯನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿ, ಒಂದು ಊರಿನ ಮಕ್ಕಳನ್ನು ಹೆಚ್ಚಿಸುವ ಬದಲು ಊರುಗಳನ್ನು ಹೆಚ್ಚಿಸಿ. ಡೀನ್ ಅಂಕಗಳು ಮೆಟ್ಟಿಲುಗಳಾದ್ದರಿಂದ ಫ್ಲೋರೈಡ್ ಜೊತೆ ಹೋಲಿಸಲು ಏರಿಳಿತದ ಕ್ರಮವನ್ನಷ್ಟೇ ನೋಡುವ ಸ್ಪಿಯರ್‌ಮನ್ ಸಹಸಂಬಂಧ ಸರಿ. ಪರೀಕ್ಷೆ ಮಾಡದ ಕೋಶವನ್ನು ಖಾಲಿ ಬಿಡಿ, 0 ಹಾಕಿದರೆ ಆ ಮಗು ಸಹಜ ಹಲ್ಲಿನವರ ಪಟ್ಟಿಗೆ ಸೇರುತ್ತದೆ.

ಅನುಮತಿಯ ವಿಷಯದಲ್ಲಿ ಹೆಡ್‌ಮಾಸ್ತರರ ಸಹಿ ಪಾಲಕರ ಒಪ್ಪಿಗೆಯಾಗುವುದಿಲ್ಲ. ಸಂಸ್ಥೆಯ ನೈತಿಕ ಸಮಿತಿಯ ಮಂಜೂರಾತಿ, ಪಾಲಕರ ಲಿಖಿತ ಒಪ್ಪಿಗೆ, ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7ರಿಂದ 12ರ ಮಕ್ಕಳಿಂದ ಬಾಯಿಮಾತಿನ ಸಮ್ಮತಿ, 12 ದಾಟಿದವರಿಂದ ಬರಹದ ಸಮ್ಮತಿ, ಇಷ್ಟೂ ಬೇಕು. ಸಮಿತಿಯ ಸಭೆ ಯಾವಾಗ ಎಂದು ಮೊದಲೇ ವಿಚಾರಿಸಿ, ವೈದ್ಯಕೀಯ, ದಂತ ವಿದ್ಯಾರ್ಥಿಗಳಿಗೆ ಐಸಿಎಂಆರ್ ಕೊಡುವ ಎರಡು ತಿಂಗಳ ಎಸ್‌ಟಿಎಸ್ ಪ್ರಾಜೆಕ್ಟುಗಳು ಸಿಕ್ಕಿಬೀಳುವುದು ಇಲ್ಲಿಯೇ. ಒಪ್ಪಿಗೆ ಪತ್ರ ಓದಿ ಹೇಳುವಾಗ ಗಡಿಭಾಗದಲ್ಲಿ ಮರಾಠಿ, ತಾಂಡಾದಲ್ಲಿ ಲಂಬಾಣಿ, ಕೆಲವು ಓಣಿಗಳಲ್ಲಿ ಉರ್ದು ಬಲ್ಲವರು ಜೊತೆಗಿರಲಿ. ಫೋಟೊದಲ್ಲಿ ತುಟಿಯಿಂದ ಹಲ್ಲಿನವರೆಗೆ ಮಾತ್ರ. ಊರಿನ ಹೆಸರನ್ನು ಪೋಸ್ಟರಿನಲ್ಲಿ ಹಾಕುವ ಮುಂಚೆ ಯೋಚಿಸಿ. ಹಲ್ಲು ಕೆಟ್ಟ ಊರು ಎಂಬ ಹೆಸರು ಹೆಣ್ಣು ನೋಡಲು ಬರುವವರ ಕಿವಿಗೂ ಬೀಳುತ್ತದೆ. ಊರು ಒಂದು, ಊರು ಎರಡು ಎಂದರೆ ವಿಜ್ಞಾನಕ್ಕೆ ಏನೂ ಕಡಿಮೆಯಾಗದು.

ಪಂಚಾಯಿತಿಗೆ ಮಾತ್ರ ಹೆಸರು, ಬೋರಿನ ಜಾಗ, ಅಂಕಿ, ಹಿಡಿದ ದಿನಾಂಕ ಎಲ್ಲವನ್ನೂ ಬರೆದ ಒಂದು ಪುಟದ ಕನ್ನಡ ಹಾಳೆ ಪಿಡಿಒ ಕೈಗೆ ಕೊಡಬೇಕು. 1.5 ದಾಟಿದ ಬೋರಿನ ವಿಷಯ ಹೇಳುವ ಮುಂಚೆ ಅದೇ ಬಾಟಲಿಯ ಉಳಿದ ನೀರನ್ನು ಮತ್ತೊಮ್ಮೆ ಅಳೆಯಿರಿ, ಬೋರಿನಿಂದ ಹೊಸದಾಗಿ ಒಂದು ಬಾಟಲಿ ಹಿಡಿದು ಜಿಲ್ಲಾ ಪ್ರಯೋಗಾಲಯಕ್ಕೂ ಕಳಿಸಿ. ಮೂರೂ ಹೊಂದಿಕೆಯಾದರೆ ಆ ಬೋರಿನ ನೀರನ್ನು ಬಟ್ಟೆ, ದನ, ಸ್ನಾನಕ್ಕೆ ಇಟ್ಟುಕೊಂಡು ಕುಡಿಯಲು ಮತ್ತು ಅಡುಗೆಗೆ ಬೇರೆ ಮೂಲ ಯಾವುದಿದೆ ಎಂಬುದನ್ನು ನಿಮ್ಮದೇ ಪಟ್ಟಿಯಿಂದ ತೆಗೆದು ಅದೇ ಹಾಳೆಯಲ್ಲಿ ಬರೆಯಿರಿ. ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಆ ನೀರು ಮೊದಲು ಮುಟ್ಟಬೇಕು, ಹಾಗಾಗಿ ಹಾಳೆಯ ಇನ್ನೊಂದು ಪ್ರತಿ ಅಂಗನವಾಡಿಗೆ.